ವಿದೇಶಕ್ಕೆ ಹೋಗುವ ದತ್ತು ಮಗು: ತಡವಾಗುವ ಪ್ರಯಾಣ, ಬದಲಾಗುವ ನಿಯಮ – ಪದೇ ಪದೇ ಕೇಳುವ ಪ್ರಶ್ನೆಗಳು

2019ರಲ್ಲಿ ನನ್ನ ತಂಗಿಯ ದತ್ತು ಕಡತದ ಹಿಂದೆ ಓಡಾಡಿದವಳು ನಾನು. ಅವಳು ಅಮೆರಿಕದಲ್ಲಿ, ಮಗು ಇಲ್ಲಿ, ಕಾಗದ ದೆಹಲಿಯಲ್ಲಿ. ಆ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಜಮಖಂಡಿ, ಇಂಡಿ, ಅಥಣಿ, ಮುಧೋಳದಿಂದ ಇಂದಿಗೂ ಪತ್ರಗಳು ಬರುತ್ತವೆ, ಜನ ಬೆಳಗಾವಿಯ ಮನೆಗೇ ಬಂದು ಕುಳಿತು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ನಾನು ವಕೀಲಳಲ್ಲ, ನಿವೃತ್ತ ಶಿಕ್ಷಕಿ. ನಿಮ್ಮ ಕಡತದ ಅಂತಿಮ ಮಾತನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೇ ಪಡೆಯಿರಿ.

## ಮೊದಲು ತಿಳಿಯಬೇಕಾದದ್ದು

"ಅಕ್ಕಾ, ಅಮೆರಿಕದಲ್ಲಿರುವ ನನ್ನ ತಂಗಿಗೆ ನಮ್ಮ ಬಾಗಲಕೋಟೆಯ ಮಗುವೇ ಬೇಕಂತೆ. ಇಲ್ಲಿನ ಸಂಸ್ಥೆಗೆ ಹೋಗಿ ಮಾತಾಡಿದರೆ ಆಗುವುದಿಲ್ಲವೇ?"

ಆಗುವುದಿಲ್ಲ. ಸಂಸ್ಥೆಯವರು ಎಷ್ಟೇ ಒಳ್ಳೆಯವರಾಗಿದ್ದರೂ ಮಗುವನ್ನು ನೇರವಾಗಿ ತೋರಿಸಿ ಕೊಡುವ ಅಧಿಕಾರ ಅವರಿಗಿಲ್ಲ. ದೇಶದಿಂದ ದೇಶಕ್ಕೆ ಮಕ್ಕಳನ್ನು ದತ್ತು ಕೊಡುವ ಬಗ್ಗೆ 1993ರಲ್ಲಿ ಹೇಗ್ ಒಪ್ಪಂದವಾಯಿತು. ಭಾರತ ಅದನ್ನು 2003ರ ಜೂನ್‌ನಲ್ಲಿ ಅಂಗೀಕರಿಸಿತು. ಅದೇ ವರ್ಷ ಅಕ್ಟೋಬರ್ 1ರಿಂದ ಅದು ನಮಗೆ ಅನ್ವಯವಾಯಿತು. ಆ ಒಪ್ಪಂದದಂತೆ ಪ್ರತಿ ದೇಶದಲ್ಲೂ ಒಂದು ಕೇಂದ್ರ ಪ್ರಾಧಿಕಾರ ಇರಬೇಕು. ನಮ್ಮಲ್ಲಿ ಅದು ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರ ಬಾಯಲ್ಲಿ 'ಕಾರಾ'.

ನಿಮ್ಮ ತಂಗಿ ಮೊದಲು ತಾನಿರುವ ದೇಶದಲ್ಲಿ ಕಾರಾ ಮಾನ್ಯತೆ ಪಡೆದ ದತ್ತು ಸಂಸ್ಥೆಯನ್ನೋ ಆ ದೇಶದ ಪ್ರಾಧಿಕಾರವನ್ನೋ ಕಾಣಬೇಕು. ಅವರು ಮನೆಗೆ ಬಂದು, ಆದಾಯ, ಆರೋಗ್ಯ, ನಡತೆ ಎಲ್ಲವನ್ನೂ ನೋಡಿ ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದು ಕೇರಿಂಗ್ಸ್ ಎಂಬ ಜಾಲತಾಣದ ಮೂಲಕ ಕಾರಾಕ್ಕೆ ಬರುತ್ತದೆ. ಮಗುವಿನ ವಿವರ ಸಿಗುವುದು ಅದರ ನಂತರ. ತವರಿನ ಮಗುವೇ ಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಇಂಥದೇ ಊರಿನ ಮಗು ಸಿಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅಲ್ಲಿಗೇ ಅನುಮಾನಪಡಿ.

"ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರ ಮಾಡಿಸಿಯಾಗಿದೆ. ಐದು ಮಂದಿ ಹಿರಿಯರ ಎದುರು ಮಗುವನ್ನು ಉಡಿಗೆ ಹಾಕಿದ್ದೇವೆ. ಇನ್ನೇನು ಬೇಕು?"

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಷರತ್ತುಗಳನ್ನು ಪಾಲಿಸಿದ್ದರೆ ಆ ದತ್ತಕ ಇಲ್ಲಿ ಊರ್ಜಿತ. ಆಸ್ತಿ, ಹೆಸರು, ಕುಲಕ್ಕೆ ಅದು ಸಾಕು, ಮಗುವನ್ನು ವಿಮಾನ ಹತ್ತಿಸಲು ಸಾಲದು. ವರ್ಷಗಟ್ಟಲೆ ಇಂಥ ದತ್ತಕ ಪತ್ರ ಹಿಡಿದವರು ವೀಸಾ ಸಿಗದೆ ಅಲೆದಿದ್ದಾರೆ, ಯಾವ ಕಚೇರಿಯೂ ಅದು ತನ್ನ ಕೆಲಸ ಎನ್ನುತ್ತಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ದತ್ತು ನಿಯಮಾವಳಿಗೆ ತಿದ್ದುಪಡಿ ತಂದು ಇದಕ್ಕೊಂದು ದಾರಿ ಮಾಡಿದರು. ಜಿಲ್ಲಾಧಿಕಾರಿಗಳು ದತ್ತಕದ ಸತ್ಯಾಸತ್ಯ ಪರಿಶೀಲಿಸಿ ಬರೆದುಕೊಡಬೇಕು, ಮಗು ಹೋಗುವ ದೇಶದ ಒಪ್ಪಿಗೆ ಬರಬೇಕು, ಆಮೇಲೆ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. 2022ರ ನಿಯಮಾವಳಿಯಲ್ಲೂ ಈ ದಾರಿ ಉಳಿದಿದೆ.

ಒಂದು ಕಡೆ ಊರ್ಜಿತವಾದ ದತ್ತಕವನ್ನು ಇನ್ನೊಂದು ಅಧಿಕಾರ ಒಪ್ಪದಿರುವುದು ನಮ್ಮ ಜಿಲ್ಲೆಗೆ ಹೊಸ ಸಂಗತಿಯಲ್ಲ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೇ ಇದ್ದುದರಿಂದಲೇ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಈಗ ಕತ್ತಿ ಬೇಡ, ಆದರೆ ಯಾರ ಒಪ್ಪಿಗೆ ಮೊದಲು ಬೇಕು ಎಂದು ಕೇಳಿಕೊಂಡು ಮಗುವನ್ನು ಉಡಿಗೆ ಹಾಕಿಸಿಕೊಳ್ಳಿ. ಆ ಕ್ರಮ ತಪ್ಪಿದ ಮನೆಗಳಲ್ಲಿ ಮಗು ಅಜ್ಜಿಯ ಬಳಿ, ತಂದೆತಾಯಿ ಪರದೇಶದಲ್ಲಿ, ಹೀಗೆ ವರ್ಷಗಳು ಉರುಳುವುದನ್ನು ನೋಡಿದ್ದೇನೆ.

"ನಾವು ವಿಜಯಪುರದ ಮುಸ್ಲಿಂ ಕುಟುಂಬ. ನಮಗೆ ದತ್ತು ಇಲ್ಲ ಎನ್ನುತ್ತಾರೆ, ನಿಜವೇ?"

ನಿಜವಲ್ಲ. ಮಕ್ಕಳ ರಕ್ಷಣೆ, ದತ್ತು ಎರಡಕ್ಕೂ ಇರುವ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು. 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಪಡೆಯಲೇಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲ, ಬಯಸಿದವರಿಗೆ ಬಾಗಿಲು ತೆರೆದಿದೆ.

"ನಮ್ಮ ವಯಸ್ಸು ಮೀರಿದೆಯೇ? ಮದುವೆಯಾಗದವರಿಗೆ ಕೊಡುತ್ತಾರೆಯೇ?"

2022ರ ನಿಯಮದಂತೆ ಗಂಡ ಹೆಂಡತಿಯ ವಯಸ್ಸನ್ನು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಒಟ್ಟು 85, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟರ ಮಗುವಿಗೆ 100, ಅದಕ್ಕೂ ದೊಡ್ಡ ಮಗುವಿಗೆ 110 ಮೀರಬಾರದು. ಒಂಟಿ ಅರ್ಜಿದಾರರಿಗೆ ಇದೇ ಕ್ರಮದಲ್ಲಿ 40, 45, 50, 55. ಮಗುವಿಗೂ ಪಾಲಕರಿಗೂ ಕನಿಷ್ಠ 25 ವರ್ಷ ಅಂತರವಿರಬೇಕು, ದಾಂಪತ್ಯಕ್ಕೆ ಎರಡು ವರ್ಷ ತುಂಬಿರಬೇಕು. ಒಂಟಿ ಹೆಣ್ಣುಮಗಳು ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು, ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ.

## ತಡ ಎಲ್ಲಿ ಆಗುತ್ತದೆ?

"ಮಗು ಸಂಸ್ಥೆಯಲ್ಲೇ ಇದೆ, ಕಾಯುವವರೂ ಇದ್ದಾರೆ. ಮತ್ತೆ ಯಾಕೆ ಇಷ್ಟು ತಡ?"

ಅತಿ ಹೆಚ್ಚು ಬಾರಿ, ಅತಿ ಹೆಚ್ಚು ಸಿಟ್ಟಿನಿಂದ ಕೇಳುವ ಪ್ರಶ್ನೆ ಇದು. ನನಗೂ ಅದೇ ಸಿಟ್ಟಿತ್ತು. ನೋಡುತ್ತ ನೋಡುತ್ತ ತಡದಲ್ಲಿ ಎರಡು ಬಗೆ ಇವೆ ಎಂದು ತಿಳಿಯಿತು. ಒಂದು ಮಗುವಿಗೋಸ್ಕರ ಆಗುವ ತಡ, ಇನ್ನೊಂದು ಕಾಗದದ ಕೊರತೆಯಿಂದ ಆಗುವ ತಡ. ಮೊದಲನೆಯದನ್ನು ಕಡಿಮೆ ಮಾಡಲು ಯಾರೂ ಕೈಹಾಕಬಾರದು, ಎರಡನೆಯದನ್ನು ಒಂದು ದಿನವೂ ಸಹಿಸಬಾರದು.

ವಿಜಯಪುರ ರೈಲು ನಿಲ್ದಾಣದಲ್ಲಿ ಮೂರು ವರ್ಷದ ಮಗು ಒಂಟಿಯಾಗಿ ಸಿಕ್ಕಿತು ಎಂದುಕೊಳ್ಳಿ. ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡ ಕೆಲಸಕ್ಕೆ ಗೋವೆಗೋ ಹೊರಟವರಿರಬಹುದು. ಜನಜಂಗುಳಿಯಲ್ಲಿ ಕೈ ತಪ್ಪಿರಬಹುದು. ಅವರಿಗೆ ಸುದ್ದಿ ಮುಟ್ಟಬೇಕು, ಹುಡುಕಿಕೊಂಡು ಬರಬೇಕು. ಅದಕ್ಕಾಗಿಯೇ ಮಕ್ಕಳ ಕಲ್ಯಾಣ ಸಮಿತಿ ಪೊಲೀಸರಿಂದ ವಿಚಾರಣೆ ಮಾಡಿಸುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳೊಳಗೆ, ದೊಡ್ಡದಾದರೆ ನಾಲ್ಕು ತಿಂಗಳೊಳಗೆ, ಯಾರೂ ಬರದಿದ್ದರೆ, ಮಗು ದತ್ತುವಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸುತ್ತದೆ. ಹೆತ್ತವಳೇ ಬಂದು ಒಪ್ಪಿಸಿದ ಮಗುವಾದರೆ ಅವಳು ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಬಾಣಂತನದ ದಣಿವಿನಲ್ಲಿ, ಊರಿನ ಮಾತಿಗೆ ಹೆದರಿ ಒಪ್ಪಿಸಿದವಳು ನಲವತ್ತನೆಯ ದಿನ ಓಡಿ ಬಂದು "ನನ್ನ ಕೂಸು ಕೊಡಿ" ಎನ್ನಬಹುದು. ಆ ಎರಡು ತಿಂಗಳು ಅವಳದು. ನಮ್ಮ ತಂಗಿಯರ ಆತುರಕ್ಕೆ ಅದನ್ನು ಕಿತ್ತುಕೊಳ್ಳುವ ಹಕ್ಕಿಲ್ಲ.

ನಂತರ ಇನ್ನೊಂದು ಮೆಟ್ಟಿಲಿದೆ. ಮುಕ್ತವಾದ ಮಗುವಿಗೆ ಭಾರತದಲ್ಲಿರುವವರು ಅಥವಾ ಅನಿವಾಸಿ ಭಾರತೀಯರು 60 ದಿನಗಳಲ್ಲಿ ಸಿಗದಿದ್ದರೆ ಮಾತ್ರ ವಿದೇಶಿ ದಂಪತಿಗೆ ಕೊಡಬಹುದು ಎಂದು ಕಾಯ್ದೆ ಹೇಳುತ್ತದೆ. ಅಂಗವಿಕಲ ಮಕ್ಕಳು, ಒಡಹುಟ್ಟಿದವರ ಜೋಡಿ, ಐದು ದಾಟಿದ ಮಕ್ಕಳಿಗೆ ವಿದೇಶಿ ದತ್ತುವಿನಲ್ಲಿ ಆದ್ಯತೆಯಿದೆ, ಏಕೆಂದರೆ ಇಲ್ಲಿ ಅವರನ್ನು ಕೇಳುವವರು ಕಡಿಮೆ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

"ಎಲ್ಲ ದಾಖಲೆ ಕೊಟ್ಟ ಮೇಲೂ ಫೈಲು ಯಾಕೆ ತಿರುಗಿ ಬರುತ್ತದೆ?"

ನಮ್ಮ ಭಾಗದಲ್ಲಿ ಬಹುಪಾಲು ಹೆಸರಿನ ಕಾರಣಕ್ಕೆ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಮೊದಲು, 1997ರಲ್ಲಿ, ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹುನಗುಂದದಲ್ಲಿ 1985ರಲ್ಲಿ ಹುಟ್ಟಿದವಳ ಜನನ ದಾಖಲೆಯಲ್ಲಿ ಜಿಲ್ಲೆ ಬಿಜಾಪುರ, ಪಾಸ್‌ಪೋರ್ಟ್‌ನಲ್ಲಿ ಬಾಗಲಕೋಟೆ. ನಮಗೆ ಇದು ಸಹಜ. ಪರದೇಶದ ಅಧಿಕಾರಿಗೆ ಅದು ಎರಡು ಬೇರೆ ಊರು, ಬಹುಶಃ ಎರಡು ಬೇರೆ ಹೆಂಗಸರು. ಇನ್ನು ಅಡ್ಡಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ತಂದೆಯ ಹೆಸರು ನಡುವೆ ಬಂದಿದೆ, ಬಂದಿಲ್ಲ. ನಿಪ್ಪಾಣಿ, ಖಾನಾಪುರದ ಕಡೆಯ ಹಳೆಯ ಶಾಲಾ ದಾಖಲೆ ಮರಾಠಿಯಲ್ಲಿದೆ.

ನಮ್ಮ ಕಡತದಲ್ಲಿ ಊರಿನ ಹೆಸರಿನ ಒಂದು ಅಕ್ಷರ ಎರಡು ಕಾಗದದಲ್ಲಿ ಎರಡು ರೀತಿ ಇತ್ತು. ಒಂದು ಕಚೇರಿಯಲ್ಲಿ ಅದನ್ನು ತಿದ್ದಿಸಲು ಹನ್ನೊಂದು ವಾರ ಹೋಯಿತು. ಅಷ್ಟರಲ್ಲಿ ಮಗುವಿಗೆ ಎರಡು ಹಲ್ಲು ಬಿದ್ದವು. ತಂಗಿ ಅದನ್ನು ಫೋಟೊದಲ್ಲೂ ನೋಡಲಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳನ್ನು ನೆಲದ ಮೇಲೆ ಹರಡಿಕೊಂಡು ಹೆಸರು, ಊರು, ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ನೋಟರಿ ಎದುರು ಪ್ರಮಾಣಪತ್ರ ಮಾಡಿಸಿ, ಊರಿನ ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿ ಜೊತೆಗಿಡಿ. ಕನ್ನಡ, ಮರಾಠಿ ದಾಖಲೆಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದ ಬೇಕು. ಹೇಗ್ ಅಪೊಸ್ಟೀಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದ್ದರಿಂದ, ಅದೇ ಒಪ್ಪಂದದಲ್ಲಿರುವ ಬಹುತೇಕ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಹೇಳುವ ಮುದ್ರೆ, ಸಾಕು. 2019ರ ಆಗಸ್ಟ್‌ನ ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ಪ್ರವಾಹದಲ್ಲಿ ಮನೆಯ ಕಾಗದವೆಲ್ಲ ಹೋದವರು ಮೊದಲು ಜನನ, ವಿವಾಹ ದಾಖಲೆಯ ಹೊಸ ದೃಢೀಕೃತ ಪ್ರತಿ ಪಡೆದುಕೊಳ್ಳಿ. ಅದಿಲ್ಲದೆ ಉಳಿದದ್ದೇನೂ ಮುಂದೆ ಸರಿಯುವುದಿಲ್ಲ.

"ಕೋರ್ಟಿಗೆ ಹೋಗಬೇಕೋ, ಜಿಲ್ಲಾಧಿಕಾರಿ ಕಚೇರಿಗೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ."

ಇಬ್ಬರು ಹೇಳುವುದೂ ಒಂದೊಂದು ಕಾಲಕ್ಕೆ ಸರಿ. ನಮ್ಮ ಆದೇಶ 2020ರಲ್ಲಿ ನ್ಯಾಯಾಲಯದಿಂದ ಬಂತು. 2021ರಲ್ಲಿ ಬಾಲನ್ಯಾಯ ಕಾಯ್ದೆಯ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗಳಿಗೆ, ಬಂದಿತು. ಅದೇ ತಿಂಗಳ 23ರಂದು ಹೊಸ ದತ್ತು ನಿಯಮಾವಳಿಯೂ ಪ್ರಕಟವಾಯಿತು. ಅರ್ಜಿಯನ್ನು ಮಗು ಇರುವ ದತ್ತು ಸಂಸ್ಥೆಯೇ ಸಲ್ಲಿಸುತ್ತದೆ. ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ, ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ನ್ಯಾಯಾಲಯದ ರಜೆ, ಮುಂದೂಡಿಕೆಗಳ ಕಾಟ ತಪ್ಪಿತು. ಆದರೆ ಜಿಲ್ಲಾಧಿಕಾರಿಗಳಿಗೆ ಪ್ರವಾಹ, ಚುನಾವಣೆ, ಬೆಳಗಾವಿಯಲ್ಲಾದರೆ ಸುವರ್ಣ ವಿಧಾನಸೌಧದ ಅಧಿವೇಶನ, ಎಲ್ಲದರ ಹೊರೆಯಿದೆ. ಎರಡು ತಿಂಗಳು ಮೀರಿದರೆ ಸಂಸ್ಥೆಯ ಮೂಲಕ ವಿನಯದಿಂದ, ಲಿಖಿತವಾಗಿ ನೆನಪಿಸಿ. ಹಾಗೆ ಮಾಡುವುದು ತಪ್ಪಲ್ಲ.

"ಆದೇಶ ಕೈಗೆ ಬಂತು. ನಾಳೆಯೇ ಕರೆದೊಯ್ಯಬಹುದೇ?"

ಇನ್ನೂ ಮೂರು ಕಾಗದಗಳಿವೆ. ಹೇಗ್ ಒಪ್ಪಂದದ 23ನೆಯ ವಿಧಿಯಂತೆ ದತ್ತು ಸರಿಯಾಗಿ ಆಗಿದೆ ಎಂದು ಕಾರಾ ಅನುಸರಣಾ ಪ್ರಮಾಣಪತ್ರ ಕೊಡಬೇಕು. ಮಗುವಿಗೆ ಭಾರತದ ಪಾಸ್‌ಪೋರ್ಟ್ ಆಗಬೇಕು. ಹೋಗುವ ದೇಶದ ವೀಸಾ ಬರಬೇಕು. ನಿಯಮಾವಳಿಯಲ್ಲಿ ಪ್ರಮಾಣಪತ್ರಕ್ಕೆ ಮೂರು ಕೆಲಸದ ದಿನ, ಪಾಸ್‌ಪೋರ್ಟ್‌ಗೆ ಹತ್ತು ದಿನ ಎಂದಿದೆ. ವೀಸಾಕ್ಕೆ ಭಾರತದ ನಿಯಮ ಗಡುವು ಹಾಕಲು ಬರುವುದಿಲ್ಲ, ಅದು ಆ ದೇಶದ ಕೈಯಲ್ಲಿದೆ. ದತ್ತು ಪಾಲಕರು ಆದೇಶವಾದ ಎರಡು ತಿಂಗಳೊಳಗೆ ಬಂದು ಮಗುವನ್ನು ಕರೆದುಕೊಳ್ಳಬೇಕು ಎಂಬುದನ್ನೂ ಮರೆಯಬೇಡಿ.

## ಪ್ರಯಾಣದ ಹೊತ್ತು

"ಟಿಕೆಟ್ ಯಾವಾಗ ತೆಗೆಸಬೇಕು? ಈಗಲೇ ಮಾಡಿದರೆ ಅಗ್ಗ."

ಅಗ್ಗದ ಟಿಕೆಟ್ ಇಲ್ಲಿ ದುಬಾರಿಯಾಗುತ್ತದೆ. ಪಾಲಕರ ಬರುವ ಟಿಕೆಟ್ಟನ್ನು ದತ್ತು ಆದೇಶ ಕೇರಿಂಗ್ಸ್‌ನಲ್ಲಿ ಕಾಣಿಸಿದ ಮೇಲೆ, ಮಗುವಿನೊಂದಿಗೆ ಮರಳುವ ಟಿಕೆಟ್ಟನ್ನು ವೀಸಾ ಮುದ್ರೆ ಬಿದ್ದ ಮೇಲೆ ತೆಗೆಸಿ. ದಿನಾಂಕ ಬದಲಿಸಲು ಬರುವ ಟಿಕೆಟ್ ಇರಲಿ. ದೆಹಲಿಯಲ್ಲಿ ರಾಯಭಾರ ಕಚೇರಿಯ ಕೆಲಸವಿದ್ದರೆ ಕನಿಷ್ಠ ಎರಡು ವಾರದ ವಾಸ್ತವ್ಯಕ್ಕೆ ಹಣ ತೆಗೆದಿಡಿ. ವಿಜಯಪುರ, ಬಾಗಲಕೋಟೆಯವರು ಬೆಳಗಾವಿಯ ಸಾಂಬ್ರಾ ಅಥವಾ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲೇ ಬರುತ್ತಾರಾದ್ದರಿಂದ ಜುಲೈ, ಆಗಸ್ಟ್ ತಿಂಗಳಲ್ಲಿ ಹಿಂದಿನ ದಿನವೇ ಹೊರಡುವುದು ಲೇಸು. ಗೋಕಾಕ, ಮುಧೋಳದ ಕಡೆ ಸೇತುವೆಗಳ ಮೇಲೆ ನೀರು ಬಂದರೆ ಸುತ್ತು ಹಾಕಬೇಕಾಗುತ್ತದೆ.

ಮಗುವಿನ ದೇಹಕ್ಕೂ ಇದು ಮೊದಲ ದೊಡ್ಡ ಪ್ರಯಾಣ. ಇಲ್ಲಿಂದ ದೆಹಲಿ, ಅಲ್ಲಿ ನಾಲ್ಕು ದಿನ, ಮತ್ತೆ ಹದಿನಾರು ಗಂಟೆ ವಿಮಾನ ಎಂದರೆ ದೊಡ್ಡವರೇ ಸೋಲುತ್ತಾರೆ. ಕೆಲವು ದಿನ ಬೆಳಗಾವಿಯಲ್ಲೇ ಒಟ್ಟಿಗಿದ್ದು ಹೊರಡಲು ತಂಗಿಗೆ ಹೇಳಿದ್ದೆ. ಅದು ನಾನು ಕೊಟ್ಟ ಸಲಹೆಗಳಲ್ಲಿ ಅತ್ಯುತ್ತಮವಾದದ್ದು.

"ಕೊರೊನಾ ಕಾಲದ ಹಾಗೆ ಮತ್ತೆ ಎಲ್ಲ ನಿಂತುಬಿಟ್ಟರೆ ಏನು ಮಾಡುವುದು?"

ನಮ್ಮ ಮನೆಯಲ್ಲೇ ಆಯಿತು. 2020ರ ಮಾರ್ಚ್ ಎರಡನೆಯ ವಾರ ಮಗುವಿನ ಪಾಸ್‌ಪೋರ್ಟ್ ಬಂತು. 26ಕ್ಕೆ ತಂಗಿ ಮತ್ತು ಅವಳ ಗಂಡ ಬರಬೇಕಿತ್ತು. 13ರಂದು ವೀಸಾಗಳು ಅಮಾನತಾದವು, ಆಮೇಲೆ ಅಂತರರಾಷ್ಟ್ರೀಯ ವಿಮಾನಗಳು ನಿಂತವು, 25ರಿಂದ ದೇಶವೇ ಮುಚ್ಚಿತು. ತಂಗಿಯ ಬಳಿ ಭಾರತದ ಪಾಸ್‌ಪೋರ್ಟ್ ಇದ್ದುದರಿಂದ ಅವಳೊಬ್ಬಳು ಆಗಸ್ಟ್‌ನಲ್ಲಿ, ಹೊರಗೆ ಸಿಕ್ಕಿಬಿದ್ದವರನ್ನು ಕರೆತರಲು ಸರ್ಕಾರ ಬಿಟ್ಟಿದ್ದ ವಂದೇ ಭಾರತ್ ವಿಮಾನದಲ್ಲಿ ಬಂದಳು. ಗಂಡ ಬರಲಾಗಲಿಲ್ಲ. ಸಾಮಾನ್ಯ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ಅದಕ್ಕಾಗಿ ಕಾದಿದ್ದರೆ ಮಗು ಏಳು ವರ್ಷದವನಾಗುತ್ತಿದ್ದ.

ಅದರಿಂದ ಕಲಿತದ್ದನ್ನು ಹೇಳುತ್ತೇನೆ. ಇಬ್ಬರಲ್ಲಿ ಒಬ್ಬರೇ ಬರಬೇಕಾದರೆ ಇನ್ನೊಬ್ಬರ ಅಧಿಕಾರಪತ್ರ ಮೊದಲೇ ನೋಟರಿ ಮಾಡಿಸಿ ಅಪೊಸ್ಟೀಲ್ ಆಗಿರಲಿ. ಅವಧಿ ಮೀರುವ ದಾಖಲೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ. ದತ್ತು ಪಡೆಯಲು ಅರ್ಹರು ಎಂದು ಅಮೆರಿಕ ಕೊಡುವ ಐ-800ಎ ಅನುಮತಿಗೆ 15 ತಿಂಗಳ ಅವಧಿ, ಭಾರತದ ನಿಯಮದಲ್ಲಿ ಗೃಹ ಅಧ್ಯಯನ ವರದಿಗೆ ಮೂರು ವರ್ಷ. ತಡ ನಿಮ್ಮ ತಪ್ಪಲ್ಲದಿದ್ದರೂ ಅವಧಿ ಮೀರಿದರೆ ಮತ್ತೆ ಮೊದಲಿಂದ ಓಡಾಟ. ನವೀಕರಣದ ಅರ್ಜಿಯನ್ನು ಮೂರು ತಿಂಗಳು ಮುಂಚೆಯೇ ಸಿದ್ಧಮಾಡಿಕೊಳ್ಳಿ.

"ಮಗು ದಿನವೂ 'ಅವ್ವ ಯಾವಾಗ ಬರುತ್ತಾಳೆ' ಎಂದು ಕೇಳುತ್ತದೆಯಂತೆ. ಏನು ಹೇಳುವುದು?"

ದಿನಾಂಕ ಹೇಳಬೇಡಿ. ಐದು ವರ್ಷದ ಮಗುವಿಗೆ "ಏಪ್ರಿಲ್ ಮೂರು" ಎಂದರೆ ಏನೂ ಅಲ್ಲ, ಆ ದಿನ ಯಾರೂ ಬರದಿದ್ದರೆ ಮಾತ್ರ ಅದು ನೆನಪಿರುತ್ತದೆ. ನಾವು ಆ ತಪ್ಪು ಮಾಡಿದೆವು. ಮಾರ್ಚ್ 26ಕ್ಕೆ ಅವ್ವ ಬರುತ್ತಾಳೆ ಎಂದು ಹೇಳಿದ್ದರಿಂದ ಮಗು ಅಂದು ಹೊಸ ಅಂಗಿ ಬಿಚ್ಚಲು ಒಪ್ಪದೆ ಹಾಗೆಯೇ ಮಲಗಿತಂತೆ. ನಂತರ ಆರೈಕೆ ಮಾಡುವ ಅಮ್ಮನೊಬ್ಬರು ಜಾಣತನ ತೋರಿದರು. "ಅವ್ವ ಕಾಗದದ ಕೆಲಸ ಮಾಡುತ್ತಿದ್ದಾಳೆ, ಇವತ್ತು ಒಂದು ಕಾಗದ ಮುಗಿಯಿತು" ಎಂದು ಹೇಳುತ್ತ ಗೋಡೆಯ ಮೇಲೆ ಒಂದೊಂದು ಹೂವು ಬರೆಸಿದರು.

ಸಂಸ್ಥೆಯ ಅನುಮತಿಯಿದ್ದರೆ ವಾರಕ್ಕೊಮ್ಮೆ ವಿಡಿಯೊ ಕರೆ, ಚಿಕ್ಕದು, ಅದೇ ಹೊತ್ತಿಗೆ. ತಾಯಿ ಮಲಗುವ ಮನೆ, ನಾಯಿ, ತಟ್ಟೆಯ ಫೋಟೊ ಕಳಿಸಲಿ. ನನ್ನ ಅವ್ವ ತನ್ನ ಹಳೆಯ ಸೀರೆಗಳಿಂದ ಒಂದು ಕೌದಿ ಹೊಲಿದು ಕೊಟ್ಟಳು. ಮಗು ಅದನ್ನು ಹೊದ್ದು ಮಲಗುವುದನ್ನು ಕಲಿತು, ಅದನ್ನೇ ಹೊದ್ದು ವಿಮಾನ ಹತ್ತಿತು. ಊರು, ಭಾಷೆ, ರೊಟ್ಟಿ ಎಲ್ಲ ಒಂದೇ ದಿನ ಬದಲಾಗುವ ಮಗುವಿಗೆ ಬದಲಾಗದ ಒಂದು ವಸ್ತು ಜೊತೆಯಲ್ಲಿರಬೇಕು.

"ಮಗುವಿನ ಫೋಟೊ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ?"

ಬೇಡ. ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಂತೆ ರಕ್ಷಣೆಯಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ನಾನು ಇಲ್ಲಿ ನಮ್ಮ ಮಗುವಿನ ಹೆಸರು, ಸಂಸ್ಥೆಯ ಹೆಸರು ಬರೆಯದಿರುವುದಕ್ಕೂ ಅದೇ ಕಾರಣ.

## ನಿಯಮ ಬದಲಾದಾಗ

"ಅರ್ಜಿ ಹಾಕಿದಾಗ ಒಂದು ನಿಯಮ, ಈಗ ಇನ್ನೊಂದು. ನಮಗೆ ಹಳೆಯದೇ ಅನ್ವಯವಲ್ಲವೇ?"

ಹಾಗೆ ನಂಬಿ ಕೂರಬೇಡಿ. 2015ರ ಮಾರ್ಗಸೂಚಿ, 2017ರ ನಿಯಮಾವಳಿ, 2022ರ ನಿಯಮಾವಳಿ, ಹೀಗೆ ಏಳೆಂಟು ವರ್ಷಗಳಲ್ಲಿ ಮೂರು ಬಾರಿ ಚೌಕಟ್ಟೇ ಬದಲಾಗಿದೆ. ಈಗಾಗಲೇ ಎರಡು ಮಕ್ಕಳಿರುವವರು ವಿಶೇಷ ಅಗತ್ಯದ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ದತ್ತು ಪಡೆಯಬಹುದು ಎಂದು 2022ರ ನಿಯಮ ಹೇಳಿತು. ಮೊದಲು ಆ ಮಿತಿ ಮೂರು ಮಕ್ಕಳಿಗಿತ್ತು. ಹಳೆಯ ನಿಯಮದಡಿ ನೋಂದಾಯಿಸಿ ವರ್ಷಗಟ್ಟಲೆ ಕಾದಿದ್ದವರು ದೆಹಲಿ ಹೈಕೋರ್ಟ್‌ಗೆ ಹೋದರು. ಕಾಯುತ್ತಿರುವವರಿಗೂ ಹೊಸ ನಿಯಮ ಅನ್ವಯಿಸುತ್ತದೆ, ದತ್ತು ಪಡೆಯುವುದು ಮೂಲಭೂತ ಹಕ್ಕಲ್ಲ ಎಂದು 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಹೇಳಿತು.

ಕಾದವರ ನೋವು ನನಗೆ ತಿಳಿಯದೆ ಇಲ್ಲ. ಆದರೂ ಮಗುವಿನ ಕಡೆಯಿಂದ ನೋಡಿದರೆ ಆ ತೀರ್ಪನ್ನು ತಪ್ಪೆನ್ನಲಾರೆ. ನೀವು ಮಾಡಬೇಕಾದದ್ದಿಷ್ಟು: ಆರು ತಿಂಗಳಿಗೊಮ್ಮೆ ಕಾರಾ ಜಾಲತಾಣದ ಸುತ್ತೋಲೆಗಳನ್ನು ನೋಡಿ, ನಿಮ್ಮ ಹಂತಕ್ಕೆ ಸಂಬಂಧಿಸಿದ್ದು ಬದಲಾಗಿದ್ದರೆ ಸಂಸ್ಥೆಗೆ ಬರೆದು ಲಿಖಿತ ಉತ್ತರ ಪಡೆಯಿರಿ.

"ಚೀನಾ ನಿಲ್ಲಿಸಿತಂತೆ. ಭಾರತವೂ ನಿಲ್ಲಿಸುತ್ತದೆಯೇ?"

ಚೀನಾ 2024ರ ಸೆಪ್ಟೆಂಬರ್‌ನಲ್ಲಿ ಹತ್ತಿರದ ಬಂಧುಗಳನ್ನು ಬಿಟ್ಟು ಉಳಿದ ವಿದೇಶಿಯರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿತು. ಮಗುವಿನ ಹೆಸರು, ಫೋಟೊ ಕೈಗೆ ಬಂದು ಕೊರೊನಾ ಕಾಲದಿಂದ ಕಾದಿದ್ದ ಕುಟುಂಬಗಳ ಬಾಗಿಲೂ ಅಂದು ಮುಚ್ಚಿತು. ಇಥಿಯೋಪಿಯಾ 2018ರಲ್ಲೇ ನಿಲ್ಲಿಸಿತ್ತು, ರಷ್ಯಾ 2013ರಿಂದ ಅಮೆರಿಕದವರಿಗೆ ಕೊಡುತ್ತಿಲ್ಲ. ಪಡೆಯುವ ದೇಶಗಳೂ ಹಿಂದೆ ಸರಿಯುತ್ತಿವೆ. ನೆದರ್ಲೆಂಡ್ಸ್ 2024ರಲ್ಲಿ ಹಂತ ಹಂತವಾಗಿ ಕೊನೆಗೊಳಿಸಲು ನಿರ್ಧರಿಸಿತು, ಡೆನ್ಮಾರ್ಕ್‌ನ ಏಕೈಕ ಸಂಸ್ಥೆ ಅದೇ ವರ್ಷ ಈ ಕೆಲಸ ಬಿಟ್ಟಿತು. 2004ರಲ್ಲಿ ಅಮೆರಿಕಕ್ಕೆ ಸುಮಾರು 23 ಸಾವಿರ ಮಕ್ಕಳು ದತ್ತು ಹೋಗಿದ್ದರು; 2023ರ ಹೊತ್ತಿಗೆ ಆ ಸಂಖ್ಯೆ 1,300ಕ್ಕಿಂತ ಕೆಳಗಿಳಿಯಿತು.

ಹಿಂದಿನ ದಶಕಗಳಲ್ಲಿ ಸುಳ್ಳು ದಾಖಲೆ, ಹೆತ್ತವರಿಗೆ ತಿಳಿಯದೆ ಒಯ್ದ ಮಕ್ಕಳ ಕಥೆಗಳು ಹೊರಬಂದದ್ದು ಇದಕ್ಕೆ ದೊಡ್ಡ ಕಾರಣ. ನಮ್ಮಲ್ಲೂ ಅಂಥ ದೂರುಗಳಿದ್ದವು. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿ 1984ರಲ್ಲಿ ಕೊಟ್ಟ ತೀರ್ಪಿನಿಂದ ವಿದೇಶಿ ದತ್ತುವಿಗೆ ಕಟ್ಟುನಿಟ್ಟು ಬಂತು, ಅದರ ಬೆನ್ನಿಗೆ 1990ರಲ್ಲಿ ಕಾರಾ ಹುಟ್ಟಿತು. ಭಾರತದಲ್ಲಿ ಕಾಯ್ದೆಯೇ ದಾರಿಯನ್ನು ತೆರೆದಿಟ್ಟಿದೆ. ನಿಮ್ಮ ತಂಗಿ ಇರುವ ದೇಶ ಏನು ಮಾಡುತ್ತಿದೆ ಎಂಬುದನ್ನೇ ಹೆಚ್ಚು ಗಮನಿಸಿ.

## ಸಂಕೀರ್ಣ ಸಂದರ್ಭಗಳು

"ಅಣ್ಣನಿಗೆ ಮೂರು ಮಕ್ಕಳು, ಅಮೆರಿಕದಲ್ಲಿರುವ ನಮಗಿಲ್ಲ. ಒಂದನ್ನು ನಮಗೆ ಕೊಡಲು ಮನೆಯವರೆಲ್ಲ ಒಪ್ಪಿದ್ದಾರೆ. ತೊಂದರೆ ಏನು?"

ನಮ್ಮ ಕಡೆ ಈ ಪ್ರಶ್ನೆಯಷ್ಟು ಮನೆ ಒಡೆದದ್ದು ಇನ್ನಾವುದೂ ಇಲ್ಲ. ಭಾರತದ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ. ಬಂಧುವೆಂದರೆ ಕಾಕಾ, ಅತ್ತೆ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮ, ಅಜ್ಜ ಅಜ್ಜಿ ಮಾತ್ರ. ಕಾಕಾನ ಮಗ ಬಂಧುವಿನ ಪಟ್ಟಿಯಲ್ಲಿಲ್ಲ. ಮಕ್ಕಳ ರಕ್ಷಣಾ ಘಟಕ ಮನೆಗೆ ಬಂದು ವರದಿ ಬರೆಯುತ್ತದೆ, ಐದು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತದೆ.

ತೊಡಕು ಅಮೆರಿಕದ ವಲಸೆ ಕಾನೂನಿನಲ್ಲಿದೆ. ಹೆತ್ತವರಿಬ್ಬರೂ ಬದುಕಿದ್ದರೆ ಅವರು ಮಗುವನ್ನು ಸರಿಯಾಗಿ ಸಾಕಲು ಅಸಮರ್ಥರು ಎಂದು ತೋರಿಸಬೇಕು. ಹೊಲ ಮನೆ ಇರುವ ಅಣ್ಣ ಅಸಮರ್ಥ ಎಂದು ಸುಳ್ಳು ಬರೆಸಬೇಡಿ. ಅರ್ಜಿದಾರರಲ್ಲಿ ಒಬ್ಬರು ಅಮೆರಿಕದ ಪ್ರಜೆಯೂ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಮಗು 16 ತುಂಬುವ ಮೊದಲೇ ಅರ್ಜಿ ಹೋಗಬೇಕು. ಆದ್ದರಿಂದ ಅಲ್ಲಿನ ವಲಸೆ ವಕೀಲರನ್ನು ಮೊದಲು ಕೇಳಿ. ಮಗುವಿನ ಕಿವಿಗೆ "ನೀನು ಅಮೆರಿಕಕ್ಕೆ ಹೋಗುತ್ತೀಯ" ಎಂಬ ಮಾತು ಬೀಳುವುದು ಎಲ್ಲಕ್ಕಿಂತ ಕೊನೆಗೆ.

"ನಾವು ದುಬೈಯಲ್ಲಿದ್ದೇವೆ, ಅಲ್ಲಿ ದತ್ತು ಸಂಸ್ಥೆಯೇ ಇಲ್ಲ."

ಸಂಯುಕ್ತ ಅರಬ್ ಸಂಸ್ಥಾನ ಹೇಗ್ ದತ್ತು ಒಪ್ಪಂದದಲ್ಲಿಲ್ಲ. ಇಂಥ ದೇಶದಲ್ಲಿರುವ ಭಾರತೀಯ ಪಾಸ್‌ಪೋರ್ಟ್‌ದಾರರಿಗೆ ಅಲ್ಲಿನ ಭಾರತದ ರಾಯಭಾರ ಕಚೇರಿಯೇ ದಾರಿ. ಮಗುವಿನ ನಿವಾಸ ವೀಸಾಕ್ಕೆ ಬೇಕಾದ ದೃಢೀಕರಣವನ್ನು ಮೊದಲೇ ಕೇಳಿಕೊಳ್ಳಿ, ಅಲ್ಲಿಗೆ ಅಪೊಸ್ಟೀಲ್ ಒಂದೇ ನಡೆಯುವುದಿಲ್ಲ.

"ಬೆಳಗಾವಿಯಲ್ಲೇ ದತ್ತು ಪಡೆದೆವು. ಈಗ ಯಜಮಾನರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಹೋಗಬಹುದೇ?"

ಹೋಗಬಹುದು. ದತ್ತುವಾಗಿ ಎರಡು ವರ್ಷ ತುಂಬಿರದಿದ್ದರೆ, ಹೊರಡುವ ಕನಿಷ್ಠ ಎರಡು ವಾರ ಮೊದಲು ಅಲ್ಲಿನ ಭಾರತದ ರಾಯಭಾರ ಕಚೇರಿಗೆ ವಿಳಾಸ, ದೂರವಾಣಿ ಸಮೇತ ಲಿಖಿತವಾಗಿ ತಿಳಿಸಬೇಕು. 2021ರ ಮಾರ್ಚ್‌ನಿಂದ ಈ ನಿಯಮವಿದೆ.

"ಎರಡು ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ."

ಒಂದು ರೂಪಾಯಿಯನ್ನೂ ಕೊಡಬೇಡಿ. ಎರಡು ತಿಂಗಳು ಎಂದರೆ ಹೆತ್ತವಳ ಅವಧಿಯನ್ನೇ ನುಂಗಿದ ಲೆಕ್ಕ. ನಿಯಮ ಮೀರಿ ಮಗುವನ್ನು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ದಂಡ ಅಥವಾ ಎರಡೂ ಇವೆ. ಮಗುವನ್ನು ಕೊಂಡರೆ ಮಾರಿದರೆ ಐದು ವರ್ಷದವರೆಗೆ ಕಠಿಣ ಸಜೆ. ಅಂಥವರ ಬಗ್ಗೆ 1098ಕ್ಕೆ ತಿಳಿಸಿ.

"ಜಿಲ್ಲಾಧಿಕಾರಿಗಳ ಆದೇಶ ನಮಗೆ ವಿರುದ್ಧವಾಗಿ ಬಂದರೆ?"

30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ರಾಜ್ಯದಲ್ಲಿ ಅವರನ್ನು ಪ್ರಾದೇಶಿಕ ಆಯುಕ್ತರು ಎನ್ನುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಗೆ ಆ ಕಚೇರಿ ಬೆಳಗಾವಿಯಲ್ಲಿದೆ. ಸಾಧ್ಯವಾದಷ್ಟು ನಾಲ್ಕು ವಾರದಲ್ಲಿ ತೀರ್ಮಾನವಾಗಬೇಕು.

"ಮಗು ಹೋದ ಮೇಲೆ ಇಲ್ಲಿಂದ ಯಾರಾದರೂ ವಿಚಾರಿಸುತ್ತಾರೆಯೇ? ದೊಡ್ಡವನಾದ ಮೇಲೆ ಹುಡುಕಿಕೊಂಡು ಬಂದರೆ?"

ಎರಡು ವರ್ಷ ಅಲ್ಲಿನ ಸಂಸ್ಥೆ ಮನೆಗೆ ಹೋಗಿ ವರದಿ ಕಳಿಸುತ್ತದೆ: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ದೊಡ್ಡವನಾಗಿ ತನ್ನ ಮೂಲ ಹುಡುಕಿ ಬರುವವನು ಕಾರಾ ಮೂಲಕ ಸ್ವತಃ ಕೇಳಬಹುದು, ಅವನ ಪರವಾಗಿ ಮೂರನೆಯವರು ಕೇಳುವಂತಿಲ್ಲ. ಹೆತ್ತವಳು ತನ್ನ ಗುರುತು ಹೇಳಬೇಡಿ ಎಂದು ಬರೆದುಕೊಟ್ಟಿದ್ದರೆ ಆ ಮಾತನ್ನು ಉಳಿಸಿಕೊಳ್ಳುತ್ತಾರೆ.

ಮಗುವನ್ನು ಕರೆದೊಯ್ಯುವ ದಿನ ಸಂಸ್ಥೆಯವರನ್ನು ಕೇಳಿ, ಹೇಳಬಹುದಾದದ್ದನ್ನೆಲ್ಲ ಒಂದು ವಹಿಯಲ್ಲಿ ಬರೆಸಿಕೊಳ್ಳಿ. ಯಾವ ಹಾಡಿಗೆ ಮಲಗುತ್ತಿತ್ತು, ಯಾರ ಜೊತೆ ಆಡುತ್ತಿತ್ತು, ಸಂಸ್ಥೆಯ ತೊಟ್ಟಿಲಿಗೆ ಬಂದ ದಿನ ಮೈಮೇಲೆ ಯಾವ ಬಣ್ಣದ ಬಟ್ಟೆಯಿತ್ತು. ನಮ್ಮ ಮಗುವಿನ ವಹಿಯಲ್ಲಿ ಅದು ಹಸಿರು ಇಳಕಲ್ ಸೀರೆಯ ತುಂಡು ಎಂದಿದೆ.